ಏಳನೇ ಅಧ್ಯಾಯ ತೆರೆಯದವರು

ದೀಪಶ್ರೀಗೆ ಮೊದಲು ಅನುಮಾನ ಬಂದದ್ದು ಟಿಕ್ ಗುರುತುಗಳ ಮೇಲೆ. ಹದಿನಾಲ್ಕು ಹೆಂಗಸರು ತುಂಬಿದ ಹದಿನಾಲ್ಕು ಕಾರ್ಡುಗಳು ಮೇಜಿನ ಮೇಲಿದ್ದವು. ಹದಿನಾಲ್ಕರಲ್ಲೂ ಗುರುತು ಒಂದೇ ಥರ: ಕೆಳಗಿನ ಗೆರೆ ಗಿಡ್ಡ, ಮೇಲೇರುವ ಗೆರೆ ಉದ್ದ, ತುದಿ ಸ್ವಲ್ಪ ಒಳಕ್ಕೆ ಬಾಗಿದ್ದು. ಪೆನ್ನೂ ಒಂದೇ ನೀಲಿ. ಹದಿನಾಲ್ಕು ಜನ ಬೇರೆ ಬೇರೆ ಕೂತು ಬರೆದರೆ ಹೀಗಾಗುವುದಿಲ್ಲ. ಒಬ್ಬರೇ ಕೂತು, ಬೇಗ ಮುಗಿಸಿ ಮನೆಗೆ ಹೋಗುವ ಆತುರದಲ್ಲಿ ಬರೆದರೆ ಹೀಗಾಗುತ್ತದೆ.

ಕಾರ್ಡುಗಳನ್ನು ಭದ್ರಾವತಿಯಿಂದ ತಂದವನು ಹರಿಪ್ರಸಾದ್. ಪರೀಕ್ಷೆಗೆ ಇಟ್ಟಿದ್ದ ಕನಸನ್ನು ಬರೆದವನೂ ಅವನೇ.

ಶಿವಮೊಗ್ಗದ ವಿನೋಬನಗರದಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಆರು ಜನರ ಪುಟ್ಟ ಕಂಪನಿ ಅವರದು. ಮೊಬೈಲಿನಲ್ಲಿ ಆಡುವ ಆಟಗಳನ್ನು ಮಾಡುತ್ತಿದ್ದರು. ಯಜಮಾನ ಸುದರ್ಶನ, ಕಥೆ ಬರೆಯುವವನು ಹರಿಪ್ರಸಾದ್. ದೀಪಶ್ರೀ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಐದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ಇಲ್ಲಿಗೆ ಬಂದವಳು. ತಯಾರಾದ ಆಟವನ್ನು ಜನರ ಕೈಗೆ ಕೊಟ್ಟು, ಅವರು ಎಲ್ಲಿ ನಗುತ್ತಾರೆ, ಎಲ್ಲಿ ಆಕಳಿಸುತ್ತಾರೆ, ಎಲ್ಲಿ ಬೇಸತ್ತು ಬಿಡುತ್ತಾರೆ ಎಂದು ನೋಡಿ ವರದಿ ಬರೆಯುವುದು ಅವಳ ಕೆಲಸ. ಅವಳ ಸಹಿ ಇಲ್ಲದೆ ಯಾವ ಆಟವೂ ಆ ಮೆಟ್ಟಿಲು ಇಳಿಯುತ್ತಿರಲಿಲ್ಲ.

ಈಗಿನ ಆಟದ ಹೆಸರು 'ಗಿರಿಜಾ ಟೈಲರ್ಸ್'. ಮನೆಗೆಲಸ ಮುಗಿಸಿ ಫೋನು ಹಿಡಿದು ಕೂರುವ ಹೆಂಗಸರಿಗೆಂದೇ ಮಾಡಿದ್ದು. ಬಟ್ಟೆಯ ತುಂಡುಗಳನ್ನು ಹೊಂದಿಸಿ ಬ್ಲೌಸ್ ಹೊಲಿಯಬೇಕು. ಒಂದೊಂದು ಬ್ಲೌಸ್ ಮುಗಿದಂತೆ ಗಿರಿಜೆಯ ಕಥೆ ಒಂದೊಂದು ಹೆಜ್ಜೆ ಮುಂದೆ ಹೋಗುತ್ತದೆ. ಗಿರಿಜೆಯ ಅಕ್ಕ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾಳೆ. ಆರನೇ ಅಧ್ಯಾಯದ ಹೊತ್ತಿಗೆ ಅವಳ ಫೋನು ಬರುವುದು ನಿಂತಿದೆ. ಆಗ ಗಿರಿಜೆಗೆ ಎರಡು ಕನಸು ಬೀಳುತ್ತವೆ. ಮೊದಲನೆಯದರಲ್ಲಿ ಅಕ್ಕ ಬಿಳಿ ಬಟ್ಟೆ ಹೊದ್ದು ನೆಲದ ಮೇಲೆ ಮಲಗಿದ್ದಾಳೆ, ತಲೆಯ ಹತ್ತಿರ ದೀಪ. ಎರಡನೆಯದರಲ್ಲಿ ಅಕ್ಕನ ಮದುವೆ. ಹಸೆಮಣೆಯ ಮೇಲೆ ಕೂತ ಅಕ್ಕ ತಿರುಗಿ ಗಿರಿಜೆಯನ್ನು ನೋಡಿ ನಗುತ್ತಾಳೆ. ಎರಡೂ ಸೇರಿ ನಾಲ್ಕು ನಿಮಿಷ. ಹರಿಪ್ರಸಾದ್ ಕೊಟ್ಟ ಬರಹದಲ್ಲಿ ಎರಡೇ ಮಾತಿನ ಟಿಪ್ಪಣಿ ಇತ್ತು: ಮೊದಲ ಕನಸು, ದುಃಖ. ಎರಡನೇ ಕನಸು, ಸಮಾಧಾನ.

ಆಟವನ್ನು ಮಾರುಕಟ್ಟೆಗೆ ಬಿಡಬೇಕಾಗಿದ್ದ ಹೈದರಾಬಾದಿನ ಕಂಪನಿಯವರಿಗೆ ಈ ನಾಲ್ಕು ನಿಮಿಷ ಹಿಡಿಸಿರಲಿಲ್ಲ. ಆಟದಲ್ಲಿ ಕನಸು ಬಂದರೆ ಜನ ಸ್ಕಿಪ್ ಒತ್ತುತ್ತಾರೆ, ಹಾಗಿಲ್ಲ ಅನ್ನುವುದಾದರೆ ಶುಕ್ರವಾರದೊಳಗೆ ಪುರಾವೆ ಕಳಿಸಿ, ಇಲ್ಲವಾದರೆ ಕನಸನ್ನು ತೆಗೆಯಿರಿ ಎಂದು ಅವರು ಬರೆದಿದ್ದರು. ಎಂಟು ತಿಂಗಳು ಆ ನಾಲ್ಕು ನಿಮಿಷವನ್ನೇ ಹಿಡಿದು ಕೂತಿದ್ದ ಹರಿಪ್ರಸಾದ್, "ಕನಸು ತೆಗೆದ್ರೆ ನಾನೂ ಎದ್ದು ಹೋಗ್ತೀನಿ" ಎಂದು ಎಲ್ಲರೆದುರೇ ಹೇಳಿದ್ದ.

ನಿಜ ಹೇಳಬೇಕೆಂದರೆ ದೀಪಶ್ರೀಯ ಮನಸ್ಸು ಹೈದರಾಬಾದಿನವರ ಕಡೆಗೇ ಇತ್ತು. ಆಟದೊಳಗಿನ ಕನಸು ಅವಳಿಗೆ ಒಂದು ಬಗೆಯ ಮೋಸದಂತೆ ಕಾಣುತ್ತಿತ್ತು. ನನ್ನ ಬೆರಳು ಆಡಿಸಿದರೆ ಅಲ್ಲಿ ಏನೋ ಆಗುತ್ತದೆ ಎಂಬ ನಂಬಿಕೆಯ ಮೇಲೆ ಆಟ ನಿಂತಿದೆ. ಕನಸು ಬಂದ ಕೂಡಲೇ ಅದನ್ನೇ ಕಿತ್ತುಕೊಳ್ಳುತ್ತಾರೆ. ಪರದೆಯ ಅಂಚು ಮಸುಕಾಗುತ್ತದೆ, ನಡಿಗೆ ನಿಧಾನವಾಗುತ್ತದೆ, ಎಲ್ಲಿಂದಲೋ ಕೊಳಲು ಕೇಳುತ್ತದೆ. ಇಲ್ಲಿ ಏನು ಮಾಡಿದರೂ ಸೋಲಿಲ್ಲ, ಎದ್ದ ಮೇಲೆ ಏನೂ ಆಗಿರುವುದಿಲ್ಲ ಎಂದು ಆಡುವವರಿಗೆ ಗೊತ್ತು. ಏನೂ ಆಗದ ಜಾಗದಲ್ಲಿ ಅಳು ಎಲ್ಲಿಂದ ಬರಬೇಕು? ಅವಳೇ ಪರೀಕ್ಷೆಗಾಗಿ ಆ ಎರಡು ಕನಸುಗಳನ್ನು ನಲವತ್ತಕ್ಕೂ ಹೆಚ್ಚು ಸಲ ಆಡಿದ್ದಳು. ಒಂದು ಸಲವೂ ಎದೆಯಲ್ಲಿ ಏನೂ ಆಗಿರಲಿಲ್ಲ.

ಆದರೆ ತನ್ನ ಅಭಿಪ್ರಾಯವನ್ನು ಅವಳು ಪುರಾವೆ ಎಂದು ಕರೆಯುವವಳಲ್ಲ. ಪರೀಕ್ಷೆ ಇಟ್ಟಳು. ಶಿವಮೊಗ್ಗದಲ್ಲಿ ಹದಿನಾರು ಜನ, ಬಹುಪಾಲು ಕಾಲೇಜು ಹುಡುಗಿಯರು, ಅವಳೆದುರೇ ಆಡಿದರು. ಭದ್ರಾವತಿಯಲ್ಲಿ ಹದಿನಾಲ್ಕು ಜನ. ಅದನ್ನು ಅಲ್ಲಿನ ಕಾಗದನಗರದಲ್ಲಿ ಹುಟ್ಟಿ ಬೆಳೆದ ಹರಿಪ್ರಸಾದನಿಗೆ ವಹಿಸಿದ್ದಳು. ತಮ್ಮ ತಮ್ಮ ಫೋನಿನಲ್ಲೇ ಆಟ, ಎಡಗೈ ಬೆರಳಿಗೆ ನಾಡಿ ಅಳೆಯುವ ಕ್ಲಿಪ್ಪು, ಕನಸಿಗೊಂದರಂತೆ ಎರಡು ಸಾಲು, ಸಾಲಿಗೆ ಐದು ಮುಖಗಳ ಚಿತ್ರವಿದ್ದ ಒಂದು ಕಾರ್ಡು. ನಗು, ನೆಮ್ಮದಿ, ಏನೂ ಇಲ್ಲ, ದುಃಖ, ಹೆದರಿಕೆ. ಕನಸು ಮುಗಿದ ಕೂಡಲೇ ಅನಿಸಿದ್ದಕ್ಕೆ ಟಿಕ್ ಹಾಕಬೇಕು.

ಶಿವಮೊಗ್ಗದ ಹದಿನಾರರಲ್ಲಿ ಹನ್ನೊಂದು ಜನ ಮೊದಲ ಕನಸನ್ನು ಅರ್ಧದಲ್ಲೇ ಸ್ಕಿಪ್ ಮಾಡಿದ್ದರು. ಉಳಿದವರ ಟಿಕ್ಕು 'ಏನೂ ಇಲ್ಲ'ಕ್ಕೆ. ನಾಡಿ ಅಲ್ಲಾಡಿರಲಿಲ್ಲ.

ಭದ್ರಾವತಿಯಲ್ಲಿ ಒಬ್ಬರೂ ಸ್ಕಿಪ್ ಮಾಡಿರಲಿಲ್ಲ. ಅಕ್ಕನ ಹೆಣ ಕಂಡ ಕನಸಿಗೆ ಹದಿನಾಲ್ಕು ಜನರೂ 'ನೆಮ್ಮದಿ' ಎಂದಿದ್ದರು. ಮದುವೆಯ ಕನಸಿಗೆ ಹದಿನಾಲ್ಕೂ 'ಹೆದರಿಕೆ'.

ಹೆಣ ನೋಡಿ ನೆಮ್ಮದಿ, ಮದುವೆ ನೋಡಿ ಹೆದರಿಕೆ! ಸಾಲು ತಪ್ಪಿ ಟಿಕ್ ಹಾಕಿದ್ದಾನೆ ಎಂದು ಅವಳಿಗೆ ಅನಿಸಿತು. ಆದರೆ ನಾಡಿಯ ದಾಖಲೆ ಕೈಯಿಂದ ಬರೆಯುವಂಥದ್ದಲ್ಲ, ಕ್ಲಿಪ್ಪಿನಿಂದ ತಾನಾಗಿ ಬರುವಂಥದ್ದು. ಅದರಲ್ಲೂ ಮದುವೆಯ ಹೊತ್ತಿಗೇ ಬಡಿತ ಏರಿತ್ತು. ಇನ್ನೂ ಒಂದು ವಿಚಿತ್ರವಿತ್ತು. ಮದುವೆಯ ಕನಸು ಮುಗಿದ ಕೂಡಲೇ ಒಂಬತ್ತು ಫೋನುಗಳಲ್ಲಿ ಆಟ ನಿಂತುಹೋಗಿತ್ತು. ಒಂದರಲ್ಲಿ ಆರು ನಿಮಿಷ, ಇನ್ನೊಂದರಲ್ಲಿ ಹನ್ನೊಂದು, ಮತ್ತೊಂದರಲ್ಲಿ ಇಪ್ಪತ್ತು. ಆ ಹೊತ್ತಿನಲ್ಲಿ ಯಾರೋ ಫೋನು ತೆಗೆದುಕೊಂಡು ಬೇರೇನೋ ಮಾಡಿದ್ದರು. ಮಾರನೆಯ ದಿನ ತೆರೆದುಕೊಂಡ ಏಳನೇ ಅಧ್ಯಾಯವನ್ನು ಅದೇ ಒಂಬತ್ತು ಜನ ಮುಟ್ಟಿಯೂ ಇರಲಿಲ್ಲ.

ಸೋಮವಾರ ಅವಳು ಹರಿಪ್ರಸಾದನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

"ಹರಿ, ಈ ಕಾರ್ಡು ತುಂಬಿದ್ದು ಯಾರು?"

"ಅವ್ರೇ."

"ಎಲ್ಲರ ಟಿಕ್ಕೂ ಒಂದೇ ಕೈಯಿಂದ ಬಂದ ಹಾಗಿದೆ."

"ಟಿಕ್ಕಿಗೂ ಕೈಬರಹ ಇರುತ್ತಾ ಮಾರಾಯ್ತಿ?"

"ಇರುತ್ತೆ."

"ನೀವು ಪೊಲೀಸ್ ಸ್ಟೇಷನ್ನಲ್ಲಿ ಇರಬೇಕಿತ್ತು. ಇಲ್ಲಿ ಸುಮ್ನೆ ವೇಸ್ಟ್ ಆಗ್ತಿದೀರ."

ಅವಳು ನಗಲಿಲ್ಲ. "ಮದುವೆ ಕನಸಾದ ಮೇಲೆ ಒಂಬತ್ತು ಫೋನ್ ನಿಂತಿದೆ. ಯಾಕೆ?"

ಹರಿಪ್ರಸಾದ್ ಕಣ್ಣು ಪಕ್ಕಕ್ಕೆ ತಿರುಗಿಸಿದ. ಅದನ್ನು ಅವಳು ಗಮನಿಸಿದಳು. "ನನಗೆ ಹೇಗೆ ಗೊತ್ತಾಗಬೇಕು? ಬರೆದೋನು ಆಡೋರ ಹತ್ರ ನಿಲ್ಲಬಾರದು, ಹೊರಗೆ ಕೂರಬೇಕು ಅಂತ ರೂಲ್ ಮಾಡಿದ್ದು ಯಾರು? ಎರಡು ದಿನ ಬಂಗಾರಮ್ಮನ ಮನೆ ಮುಂದೆ ಹೊಂಗೆ ಮರದ ಕೆಳಗೆ ಕೂತು ಸೊಳ್ಳೆ ಕಚ್ಚಿಸ್ಕೊಂಡಿದೀನಿ."

"ಬಂಗಾರಮ್ಮ ಅಂದ್ರೆ?"

"ನಮ್ಮಮ್ಮನ ಸ್ನೇಹಿತೆ. ಅವರ ಮನೇಲೇ ಎಲ್ಲರನ್ನೂ ಸೇರಿಸಿದ್ದು."

ಅಮ್ಮನ ಸ್ನೇಹಿತೆ! ಅನುಮಾನಕ್ಕೆ ಇನ್ನೊಂದು ಇಟ್ಟಿಗೆ ಸಿಕ್ಕಿದಂತಾಯಿತು. ಕನಸು ಉಳಿಯಬೇಕೆಂಬ ಆಸೆ ಅವನಿಗೆ, ಆಡಿದವರು ಅವನ ಪರಿಚಯದವರು, ಟಿಕ್ಕು ಒಂದೇ ಕೈಯದು. ಇದಕ್ಕಿಂತ ಹೆಚ್ಚು ಏನು ಬೇಕು? ಮಂಗಳವಾರ ಅವಳು ಸುದರ್ಶನನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು.

ಸುದರ್ಶನ ಕನ್ನಡಕ ತೆಗೆದು ಒರೆಸಿದ. "ಅನುಮಾನ ಅಂತ ವರದೀಲಿ ಬರಿಯೋಕಾಗಲ್ಲ ದೀಪಶ್ರೀ. ಅವನು ಸುಳ್ಳು ತುಂಬಿದಾನೆ ಅಂತ ನಿಮಗೆ ಖಾತ್ರಿ ಆದ್ರೆ ಹಾಗಂತ ಬರೀರಿ. ಶನಿವಾರದಿಂದ ಅವನು ಬರೋದು ಬೇಡ. ಖಾತ್ರಿ ಇಲ್ಲ ಅಂದ್ರೆ ಸಹಿ ಹಾಕಿ. ಆದರೆ ಶುಕ್ರವಾರ ಹನ್ನೊಂದು ಗಂಟೆಗೆ ಎರಡರಲ್ಲಿ ಒಂದು ನನ್ನ ಟೇಬಲ್ ಮೇಲೆ ಇರಬೇಕು."

ಹೊರಗೆ ಬಂದವಳು ಕಾರ್ಡುಗಳನ್ನು ಫೈಲಿಗೆ ಸೇರಿಸಿದಳು. ತನ್ನ ಒಂದು ವಾಕ್ಯಕ್ಕೆ ಒಬ್ಬ ಮನುಷ್ಯನ ಕೆಲಸ ಹೋಗುತ್ತದೆ ಎಂಬುದು ಟಿಕ್ಕುಗಳನ್ನು ಹೋಲಿಸುವಾಗ ತೋಚಿರಲಿಲ್ಲ.

ಬುಧವಾರ ಬೆಳಿಗ್ಗೆ ರಜೆ ಹಾಕಿ, ಯಾರಿಗೂ ಹೇಳದೆ, ಭದ್ರಾವತಿಯ ಬಸ್ಸು ಹತ್ತಿದಳು. ಮಾಚೇನಹಳ್ಳಿ ದಾಟುವವರೆಗೂ ಕೇಳಬೇಕಾದ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಹರಿಪ್ರಸಾದ್ ಮುಂಚೆಯೇ ಫೋನು ಮಾಡಿ ಪಾಠ ಹೇಳಿಕೊಟ್ಟಿರಬಹುದು. ಹಾಗಾಗಿ ಕೇಳುವುದಕ್ಕಿಂತ ನೋಡುವುದೇ ಒಳ್ಳೆಯದು ಎಂದುಕೊಂಡಳು.

ಕಾಗದನಗರದ ಕ್ವಾರ್ಟರ್ಸುಗಳ ಸಾಲಿನಲ್ಲಿ ಹೊಂಗೆ ಮರವಿದ್ದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ನಿಂತ ಬಂಗಾರಮ್ಮನಿಗೆ ಅರವತ್ತರ ಆಸುಪಾಸು. ಅವಳು ದೀಪಶ್ರೀಯ ಹೆಗಲ ಚೀಲವನ್ನೂ ಕೈಯಲ್ಲಿದ್ದ ಫೈಲನ್ನೂ ನೋಡಿ ಬಾಗಿಲನ್ನು ಅರ್ಧಕ್ಕೆ ಎಳೆದುಕೊಂಡಳು.

"ಯಾವ ಸರ್ವೇ? ರೇಷನ್ ಕಾರ್ಡಿಂದಾ?"

"ಅಲ್ಲಮ್ಮ. ಮೊನ್ನೆ ಫೋನಲ್ಲಿ ಟೈಲರ್ ಆಟ ಆಡಿದ್ರಲ್ಲ..."

"ಅದೆಲ್ಲ ಹರಿಗೆ ಕೊಟ್ಟಾಯ್ತು. ಓಟಿಪಿ ಗೀಟಿಪಿ ಕೇಳಿದ್ರೆ ನಾನು ಹೇಳಲ್ಲ, ನೋಡು."

"ಓಟಿಪಿ ಬೇಡ. ನಾನು ಆಡಿದವರನ್ನ ನೋಡೋಕೆ ಬಂದಿದ್ದು. ಆಡದೇ ಇರೋರು ಯಾರಾದ್ರೂ ಇದ್ರೆ ನನ್ನೆದುರು ಆಡಿಸಬೇಕಿತ್ತು."

ಒಳಗಿನಿಂದ ಬಂಗಾರಮ್ಮನ ಸೊಸೆ ಸುಪ್ರಿಯಾ ಇಣುಕಿದಳು. "ಸೆಲ್ವಿ ಆಂಟಿ ಆಡಿಲ್ಲ ಅತ್ತೆ. ಅವರು ಅವತ್ತು ಊರಲ್ಲಿ ಇರಲಿಲ್ಲ."

ಪಕ್ಕದ ಮನೆಯ ಸೆಲ್ವಿ ಬಂದಳು. ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದು ನೆಲೆನಿಂತವರ ಮಗಳು. ಬೆರಳಿಗೆ ಕ್ಲಿಪ್ಪು ಹಾಕಿಸಿಕೊಂಡು, "ಶಾಕ್ ಹೊಡೆಯಲ್ವಾ?" ಎಂದು ಎರಡು ಸಲ ಕೇಳಿ, ಸೋಫಾದಲ್ಲಿ ಕಾಲು ಮಡಚಿ ಕೂತಳು. ಕನಸು ಬರುವಲ್ಲಿಗೆ ಮುಟ್ಟಲು ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಬಾಯಿ ಸುಮ್ಮನಿರಲಿಲ್ಲ. "ಈ ತೋಳು ಇಷ್ಟು ಟೈಟ್ ಇಟ್ಟರೆ ಯಾರಿಗಾಗುತ್ತೆ?" ಎಂದು ಗಿರಿಜೆಗೆ ಬೈದಳು. ಅಕ್ಕ ಫೋನು ಮಾಡದಿದ್ದಾಗ, "ಕೊಬ್ಬು" ಎಂದಳು. ದೀಪಶ್ರೀ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು.

ಮೊದಲ ಕನಸು ಬಂತು. ಬಿಳಿ ಬಟ್ಟೆ, ದೀಪ. ಸೆಲ್ವಿ ಮುಂದಕ್ಕೆ ಬಾಗಿದಳು. ಆಮೇಲೆ ಉಸಿರು ಬಿಟ್ಟು, ಬೆನ್ನು ಹಿಂದಕ್ಕೆ ಚಾಚಿ, "ಅಬ್ಬಾ, ಒಳ್ಳೇದಾಯ್ತು ಬಿಡು" ಎಂದಳು.

ಸುಪ್ರಿಯಾ ಕಾರ್ಡು ಹಿಡಿದು ಪಕ್ಕದಲ್ಲಿ ಕೂತಿದ್ದಳು. ಸೆಲ್ವಿ ಬೆರಳಿಟ್ಟು ಒಂದು ಮುಖ ತೋರಿಸಿದಳು. ಸುಪ್ರಿಯಾ ಟಿಕ್ ಹಾಕಿದಳು: ಗಿಡ್ಡ ಗೆರೆ, ಉದ್ದ ಗೆರೆ, ತುದಿ ಒಳಕ್ಕೆ ಬಾಗಿದ್ದು.

"ಎಲ್ಲರದ್ದೂ ನೀವೇ ಹಾಕಿದ್ರಾ?" ದೀಪಶ್ರೀಯ ದನಿ ಸಣ್ಣದಾಗಿತ್ತು.

"ಹೂಂ. ಒಬ್ಬರಿಗೆ ಕನ್ನಡಕ ಇಲ್ಲ, ಒಬ್ಬರ ಕೈಗೆ ಕ್ಲಿಪ್ಪು, ಇನ್ನೊಬ್ಬರಿಗೆ ಪೆನ್ನು ಹಿಡಿಯೋಕೆ ನಾಚಿಕೆ. ಅವರು ತೋರಿಸಿದ್ರು, ನಾನು ಹಾಕಿದೆ. ತಪ್ಪಾಯ್ತಾ?"

ಉತ್ತರಿಸುವಷ್ಟರಲ್ಲಿ ಎರಡನೇ ಕನಸು ಶುರುವಾಗಿತ್ತು. ಹಸೆಮಣೆ, ಹಾರ, ಬಾಸಿಂಗ. ಅಕ್ಕ ತಿರುಗಿ ನಕ್ಕಳು. ಸೆಲ್ವಿಯ ಬಾಯಿಯ ಮಾತು ನಿಂತುಹೋಯಿತು. ಅವಳು ಕ್ಲಿಪ್ಪನ್ನು ಕಿತ್ತು ಸೋಫಾದ ಮೇಲೆ ಹಾಕಿ, ಆಟವನ್ನು ಅಲ್ಲಿಗೇ ಬಿಟ್ಟು, ಒಂದು ನಂಬರು ಒತ್ತಿ ಫೋನನ್ನು ಕಿವಿಗಿಟ್ಟುಕೊಂಡಳು.

"ಅಕ್ಕಾ? ನಲ್ಲಾ ಇರುಕ್ಕಿಯಾ?"

ಚೆನ್ನಾಗಿದೀಯಾ ಎಂದು ಕೇಳಿದ್ದು ತಿಳಿಯಿತು. ಆಮೇಲಿನ ತಮಿಳು ದೀಪಶ್ರೀಗೆ ಪೂರ್ತಿ ಅರ್ಥವಾಗಲಿಲ್ಲ. ಅರ್ಥವಾಗಬೇಕಾಗಿಯೂ ಇರಲಿಲ್ಲ. ಸೇಲಂನಲ್ಲಿದ್ದ ಅಕ್ಕನ ಬಿಪಿ ಮಾತ್ರೆ, ಮಂಡಿನೋವು, ಬೆಳಗಿನ ಇಡ್ಲಿ ಎಲ್ಲವನ್ನೂ ವಿಚಾರಿಸಿಕೊಂಡು, ನಡುವೆ ಒಮ್ಮೆ ಕಣ್ಣೊರೆಸಿಕೊಂಡು, ಇನ್ನೊಮ್ಮೆ ನಕ್ಕು, ಸೆಲ್ವಿ ಫೋನು ಇಟ್ಟಾಗ ಹದಿಮೂರು ನಿಮಿಷ ಕಳೆದಿತ್ತು.

"ಅವತ್ತೂ ಹಿಂಗೇನಾ?" ದೀಪಶ್ರೀ ಕೇಳಿದಳು.

"ಮತ್ತೆ?" ಎಂದಳು ಬಂಗಾರಮ್ಮ. "ಮದುವೆ ಕನಸು ಬಿದ್ರೆ ಮನೇಲಿ ಸಾವು ಅಂತಲ್ವಾ? ಹೆಣ ಕಂಡ್ರೆ ಯೋಚನೆ ಇಲ್ಲ, ಯಾರ ಹೆಣ ಕಂಡಿತೋ ಅವರ ಆಯಸ್ಸು ಗಟ್ಟಿ. ಮದುವೆ ಮಾತ್ರ ಕಾಣಬಾರದು. ಅದೂ ಹುಡುಗಿ ನಗ್ತಾ ಇದ್ರೆ ಇನ್ನೂ ಕೆಟ್ಟದ್ದು. ನಾನಂತೂ ನಮ್ಮಕ್ಕಂಗೆ ಫೋನ್ ಮಾಡಿ, ಈ ತಿಂಗಳು ಎಲ್ಲೂ ಸ್ಕೂಟರ್ ಹತ್ತಬೇಡ ಅಂತ ಹೇಳಿದೀನಿ."

"ಆದರೆ ಅದು ಆಟ. ಕನಸು ಬಿದ್ದಿದ್ದು ಗಿರಿಜಂಗೆ, ನಿಮಗಲ್ಲ."

"ನೋಡಿದ್ದು ನಾನೇ ಅಲ್ವೇನೇ? ಎಂ.ಎಸ್ಸಿ. ಓದಿದೀಯ ಅಂತೀಯ, ಇಷ್ಟು ಗೊತ್ತಿಲ್ವಾ? ನಿಮ್ಮನೇಲಿ ಕನಸು ಬೀಳಲ್ವಾ?"

ಬೀಳುತ್ತಿತ್ತು. ದುರ್ಗಿಗುಡಿಯ ಅವರ ಮನೆಯಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಯಾರಾದರೂ "ಕನಸಲ್ಲಿ..." ಎಂದು ಬಾಯಿ ತೆರೆದರೆ ಸಾಕು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಅಪ್ಪ ಶಂಕರನಾರಾಯಣ ಪೇಪರಿನಿಂದ ತಲೆ ಎತ್ತದೆಯೇ, "ರಾತ್ರಿ ತಿಂದದ್ದು ಜೀರ್ಣ ಆಗಿಲ್ಲ" ಎನ್ನುತ್ತಿದ್ದರು. ಅಜ್ಜಿ ಏನೋ ಹೇಳಲು ಹೋಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಹಾಗೆ ಮುಚ್ಚಿದ ಬಾಯೊಳಗೆ ಏನಿತ್ತು ಎಂದು ದೀಪಶ್ರೀ ಯಾವತ್ತೂ ಕೇಳಿರಲಿಲ್ಲ. ಆ ಮನೆಯಲ್ಲಿ ಕಲಿತದ್ದನ್ನೇ ಅಳತೆಗೋಲು ಮಾಡಿಕೊಂಡು ಅವಳು ಈ ಹದಿನಾಲ್ಕು ಹೆಂಗಸರನ್ನು ಅಳೆದಿದ್ದಳು.

ಆದರೂ ಲೆಕ್ಕ ಸರಿಹೋಗಬೇಕು. "ಒಂಬತ್ತೇ ಜನ ಫೋನ್ ಮಾಡಿದ್ದು. ಉಳಿದ ಐದು ಜನ?"

ಸುಪ್ರಿಯಾ ಬೆರಳು ಮಡಚಿದಳು. "ಮೂರು ಜನಕ್ಕೆ ಅಕ್ಕತಂಗಿ ಯಾರೂ ಇಲ್ಲ. ಒಬ್ಬರ ಅಕ್ಕ ಪಕ್ಕದಲ್ಲೇ ಕೂತು ಆಡ್ತಾ ಇದ್ರು. ಇನ್ನೊಬ್ಬರ ಫೋನಿಗೆ ಕರೆನ್ಸಿ ಇರಲಿಲ್ಲ, ಪಾಪ, ನಮ್ಮ ಫೋನಿಂದ ಮಾಡಿದ್ರು."

"ಏಳನೇ ಅಧ್ಯಾಯ ಯಾಕೆ ತೆಗೀಲಿಲ್ಲ?"

ಬಂಗಾರಮ್ಮ ಅವಳನ್ನು ಮಗುವನ್ನು ನೋಡುವಂತೆ ನೋಡಿದಳು. "ತೆಗೆದ್ರೆ ಆ ಹುಡುಗಿ ಅಕ್ಕ ಸಾಯ್ತಾಳಲ್ಲ. ತೆಗೀದೇ ಇದ್ರೆ ಸಾಯೋದು ಹೆಂಗೆ?"

ಹೊರಡುವಾಗ ಬಂಗಾರಮ್ಮ ಅವಳ ನಂಬರು ಕೇಳಿ ಬರೆಸಿಕೊಂಡಳು. "ಹರಿ ಫೋನ್ ಎತ್ತಲ್ಲ. ನಿಂದಿರಲಿ."

ಮರುದಿನ ಆಫೀಸಿನ ಮಹಡಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ಅವಳು ಹರಿಪ್ರಸಾದನನ್ನು ಹಿಡಿದು ನಿಲ್ಲಿಸಿದಳು.

"ನಿಮಗೆ ಮೊದಲೇ ಗೊತ್ತಿತ್ತು."

"ಏನು?"

"ಮದುವೆ ಅಂದ್ರೆ ಸಾವು ಅಂತ. ಆದರೂ 'ಸಮಾಧಾನ' ಅಂತ ಬರೆದುಕೊಟ್ರಿ."

ಅವನು ಟ್ಯಾಂಕಿಗೆ ಒರಗಿದ. "ನಮ್ಮ ಚಿಕ್ಕಮ್ಮ ಹೋಗೋ ಹಿಂದಿನ ವಾರ ಅಮ್ಮಂಗೆ ಆ ಕನಸು ಬಿದ್ದಿತ್ತು. ಯಾರಿಗೂ ಹೇಳಲಿಲ್ಲ. ಸುಮ್ನೆ ದಿನಕ್ಕೆ ಮೂರು ಸಲ ಫೋನ್ ಮಾಡಿ 'ಊಟ ಆಯ್ತಾ' ಅಂತ ಕೇಳ್ತಿದ್ಲು. ಚಿಕ್ಕಮ್ಮ ಬೈಯೋಳು, ನಿನಗೇನು ತಲೆ ಕೆಟ್ಟಿದೆಯಾ ಅಂತ. ಆಮೇಲೆ ನಮಗೆ ಗೊತ್ತಾಗಿದ್ದು. ಅದನ್ನ ಬರೀಬೇಕು ಅನ್ನಿಸ್ತು."

"ಅಷ್ಟನ್ನ ನನಗೆ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ಸುದರ್ಶನ್ ಸರ್ ಮೂಢನಂಬಿಕೆ ಅಂತ ಅವತ್ತೇ ತೆಗೀತಿದ್ರು. ನೀವು? 'ಈ ದೃಶ್ಯದ ಉದ್ದೇಶ' ಅಂತ ಆಡೋರಿಗೆ ಕೊಡೋ ಹಾಳೆ ಮೇಲೇ ಪ್ರಿಂಟ್ ಹಾಕಿಸ್ತೀರಿ. ಹಿಂದಿನ ಆಟಕ್ಕೆ ಹಾಕಿಸಿದ್ರಿ. ಕನಸಿನ ಅರ್ಥ ಮೊದಲೇ ಹೇಳಿದ್ರೆ ಯಾರು ಹೆದರ್ತಾರೆ?"

ಅದು ನಿಜವಾಗಿತ್ತು. ಹಾಗೆಂದು ಅವನು ಮುಚ್ಚಿಟ್ಟದ್ದೂ ನಿಜವಾಗಿತ್ತು. ಇವನು ಇನ್ನೇನನ್ನು ಮುಚ್ಚಿಟ್ಟಿರಬಹುದು ಎಂದು ಅವಳ ಮನಸ್ಸು ಆಗಲೇ ಹುಡುಕತೊಡಗಿತ್ತು.

"ನಾನು ನಿಮ್ಮ ಬಗ್ಗೆ ಸುದರ್ಶನ್ ಹತ್ರ ಹೇಳಿದೀನಿ," ಎಂದಳು. "ಸುಳ್ಳು ತುಂಬಿದೀರ ಅಂತ. ಅದನ್ನ ವಾಪಸ್ ತಗೋತೀನಿ."

"ಗೊತ್ತಿತ್ತು," ಎಂದ ಅವನು. "ಎರಡು ದಿನದಿಂದ ಸರ್ ನನಗೆ ಟೀ ಕೂಡ ಕೇಳಿಲ್ಲ."

ಅಂದು ಸಂಜೆ ವರದಿ ಬರೆಯಲು ಕೂತವಳಿಗೆ ಹೊಸ ತೊಡಕು ಎದುರಾಯಿತು. ಹರಿಪ್ರಸಾದ್ ಸುಳ್ಳುಗಾರನಲ್ಲ ಎಂದು ಮೊದಲ ಪ್ಯಾರಾದಲ್ಲೇ ಬರೆದಳು. ಕನಸು ಆಡುವವರನ್ನು ಮುಟ್ಟಿತೇ? ಶಿವಮೊಗ್ಗದಲ್ಲಿ ಇಲ್ಲ, ಭದ್ರಾವತಿಯಲ್ಲಿ ಹೌದು. ಯಾವ ಆಟದ ಯಾವ ದೃಶ್ಯವೂ ಜನರನ್ನು ಹೀಗೆ ಎಬ್ಬಿಸಿ ಒಡಹುಟ್ಟಿದವರಿಗೆ ಫೋನು ಮಾಡಿಸಿದ್ದನ್ನು ಅವಳು ಕಂಡಿರಲಿಲ್ಲ. ಆದರೆ ಹೈದರಾಬಾದಿನವರ ನಮೂನೆಯಲ್ಲಿ ಇನ್ನೊಂದು ಸಾಲಿತ್ತು: ಈ ದೃಶ್ಯದ ನಂತರ ಆಟ ಬಿಟ್ಟವರು ಎಷ್ಟು? ಒಂಬತ್ತು. ಹದಿನಾಲ್ಕರಲ್ಲಿ ಒಂಬತ್ತು. ಕನಸನ್ನು ಕಿತ್ತು ಹಾಕಲು ಅವರಿಗೆ ಆ ಒಂದು ಅಂಕಿ ಸಾಕು. ಕನಸು ಗೆದ್ದಿತ್ತು, ಗೆದ್ದದ್ದಕ್ಕೇ ಆಟ ಸೋತಿತ್ತು.

'ನೆಟ್‌ವರ್ಕ್ ತೊಂದರೆಯಿಂದ' ಎಂದು ಎರಡು ಮಾತು ಸೇರಿಸಿದರೆ ಒಂಬತ್ತು ಕರಗಿ ಹೋಗುತ್ತಿತ್ತು. ಯಾರೂ ಬಂದು ನೋಡುತ್ತಿರಲಿಲ್ಲ. ಅವಳ ಬೆರಳು ಕೀಲಿಮಣೆಯ ಮೇಲೆ ಎಷ್ಟೋ ಹೊತ್ತು ನಿಂತೇ ಇತ್ತು. ಮೂರು ದಿನ ಇನ್ನೊಬ್ಬನ ಮೇಲೆ ಹೊರಿಸಿದ್ದ ಕೆಲಸವನ್ನು ಮಾಡಲು ತನ್ನ ಕೈಯೇ ಹೀಗೆ ಸಿದ್ಧವಾಗಿ ನಿಂತಿದೆಯಲ್ಲ ಎಂದು ಅವಳಿಗೆ ತನ್ನ ಮೇಲೇ ಅನುಮಾನ ಬಂತು. ಒಂಬತ್ತು ಎಂದು ಬರೆದು ಸಹಿ ಹಾಕಿದಳು.

ಶುಕ್ರವಾರ ಹನ್ನೊಂದಕ್ಕೆ ಸುದರ್ಶನ ವರದಿಯನ್ನು ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ಹರಿಪ್ರಸಾದ್ ಕಿಟಕಿಯ ಹತ್ತಿರ ನಿಂತಿದ್ದ.

"ಹರಿ ವಿಷಯ ಸರಿ, ಸಂತೋಷ. ಆದರೆ ಒಂಬತ್ತು ಜನ ಬಿಟ್ಟುಹೋದ್ರಾ? ಇದನ್ನ ನೋಡಿದ ಮೇಲೆ ಅವರು ಒಂದು ನಿಮಿಷ ಇಟ್ಕೋತಾರಾ? ಕನಸು ತೆಗೆದುಬಿಡೋಣ."

ಹರಿಪ್ರಸಾದ್ ಕಿಟಕಿ ಬಿಟ್ಟು ಬಾಗಿಲ ಕಡೆ ಹೆಜ್ಜೆ ಇಟ್ಟ. ಹೇಳಬೇಕಾದದ್ದನ್ನು ಅವನು ಮೊದಲೇ ಹೇಳಿಯಾಗಿತ್ತು. ದೀಪಶ್ರೀಯ ಫೋನು ಬಡಿದುಕೊಂಡಿತು. ಭದ್ರಾವತಿಯ ನಂಬರು. ಅವಳು ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು.

"ನಾನು ಬಂಗಾರಮ್ಮ. ಅಲ್ಲ ಕಣೇ, ಆ ಹುಡುಗಿ ಅಕ್ಕ ಬದುಕಿದಾಳಾ ಇಲ್ವಾ? ನನಗೆ ಅದೇ ಯೋಚನೆ ಆಗಿಹೋಗಿದೆ. ಸೆಲ್ವೀನೂ ಬಂದು ಬಂದು ಕೇಳ್ತಾಳೆ. ಬದುಕಿದಾಳೆ ಅಂತ ಹೇಳು, ಈಗ್ಲೇ ಏಳನೇದು ತೆಗೀತೀವಿ, ಎಲ್ಲರೂ."

ಇಷ್ಟು ಸರಿಯಾದ ಹೊತ್ತಿಗೆ ಬಂದ ಫೋನನ್ನು ನಂಬುವ ಜಾಯಮಾನ ದೀಪಶ್ರೀಯದಲ್ಲ. ಅವಳು ಹರಿಪ್ರಸಾದನ ಮುಖವನ್ನು ನೇರವಾಗಿ ನೋಡುತ್ತಲೇ ಕೇಳಿದಳು: "ಬಂಗಾರಮ್ಮ, ಈಗ ಫೋನ್ ಮಾಡಿ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?"

"ಯಾರು ಹೇಳ್ಬೇಕು? ಕುಕ್ಕರ್ ಇಟ್ಟಿದೀನಿ. ಮೂರು ಕೂಗು ಬರೋದ್ರೊಳಗೆ ಹೇಳು."

ಅಷ್ಟರಲ್ಲೇ ಮೊದಲ ಕೂಗು ಕೋಣೆಯ ತುಂಬ ಕೇಳಿಸಿತು. ಸುದರ್ಶನ ಬೆಚ್ಚಿ ಹಿಂದೆ ಸರಿದ.

ದೀಪಶ್ರೀ ವರದಿಯನ್ನು ತನ್ನ ಕಡೆ ಎಳೆದುಕೊಂಡಳು. 'ಆಟ ಬಿಟ್ಟವರು' ಎಂಬುದನ್ನು ಗೆರೆ ಎಳೆದು ಹೊಡೆದು, ಮೇಲೆ 'ಮುಂದೆ ಹೋಗಲು ಹೆದರಿ ಕಾಯುತ್ತಿರುವವರು' ಎಂದು ಬರೆದಳು. ಒಂಬತ್ತನ್ನು ಹಾಗೇ ಬಿಟ್ಟಳು. ಅಂಕಿ ತಪ್ಪಿರಲಿಲ್ಲ, ಹೆಸರು ತಪ್ಪಿತ್ತು. ಸುದರ್ಶನ ಅದನ್ನು ಓದಿ ಗಲ್ಲ ತುರಿಸಿಕೊಂಡ.

"ಇದನ್ನ ಹೈದರಾಬಾದಿಗೆ ಹೇಗೆ ಹೇಳೋದು..." ಎಂದು ಗೊಣಗಿದ. "ಸರಿ. ಒಂದು ವಾರ ಟೈಮ್ ಕೇಳ್ತೀನಿ. ಅಲ್ಲಿವರೆಗೂ ಕನಸು ಇರಲಿ."

"ಹಲೋ? ಇದೀಯಾ?" ಎಂದಿತು ಫೋನು. ಎರಡನೇ ಕೂಗು.

ದೀಪಶ್ರೀಗೆ ಉತ್ತರ ಗೊತ್ತಿತ್ತು. ಎಂಟನೇ ಅಧ್ಯಾಯ ಎರಡು ತಿಂಗಳಿನಿಂದ ಅವಳ ಕಂಪ್ಯೂಟರಿನಲ್ಲೇ ಇತ್ತು. ಅದರ ಕೊನೆಗೆ ಗಿರಿಜೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಕ್ಕನ ಹಾಸಿಗೆ ಖಾಲಿಯಾಗಿರುತ್ತದೆ. ಸುಳ್ಳು ಹೇಳುವುದು ಅವಳಿಂದಾಗದು. ನಿಜ ಹೇಳುವುದೂ ಆಗದು. ಅವಳು ಫೋನನ್ನು ಎತ್ತಿ ಹರಿಪ್ರಸಾದನ ಕಡೆ ಚಾಚಿದಳು.

"ಬರೆದೋರು ನೀವು. ನೀವೇ ಹೇಳಿ."

ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ಬಂಗಾರಮ್ಮ, ನಾನು ಹರಿ."

"ಹಾಂ, ನೀನೇ ಬರೆದಿದ್ದಂತೆ. ಹೇಳಪ್ಪ. ಏನಾಗುತ್ತೆ ಅವಳಿಗೆ?"

ಹರಿಪ್ರಸಾದ್ ಮೇಜಿನ ಮೇಲಿದ್ದ ವರದಿಯನ್ನೊಮ್ಮೆ ನೋಡಿದ. ದೀಪಶ್ರೀ ಅವನನ್ನೇ ನೋಡುತ್ತಿದ್ದಳು.

"ಅಲ್ಲೀವರೆಗೂ ನಾನಿನ್ನೂ ಬರೆದೇ ಇಲ್ಲ ಅಮ್ಮ," ಎಂದ ಅವನು.

ವಾರವಿಡೀ ಅವಳು ಹುಡುಕಿದ್ದ ಸುಳ್ಳು ಕೊನೆಗೂ ಅವಳೆದುರಿಗೇ, ಅವಳ ಫೋನಿನಲ್ಲೇ ಸಿಕ್ಕಿತ್ತು. ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಆ ಕಡೆ ಮೂರನೇ ಕೂಗು ಬಂತು, ಸ್ಟೌ ಆರಿಸಿದ ಸದ್ದು ಬಂತು.

"ಹಂಗಾದ್ರೆ ಬೇಗ ಬರಿ," ಎಂದಳು ಬಂಗಾರಮ್ಮ. "ಮತ್ತೆ, ನೋಡ್ಕೊಂಡು ಬರಿ."